ಒರತೆಯನ್ನು ನೋಡಹೋಗುವವರಿಗೆ ಒಂದು ಮಾತು



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೂಡಿದಾಗಲೆಲ್ಲ ಪಾಠಗಳ ನೆನಪಿಗಿಂತ ಮೊದಲು ಪ್ರವಾಸಗಳ ನೆನಪು ಹೊರಬರುವುದು. ಜಮಖಂಡಿಯವಳು ತಾಯಿ ಕಟ್ಟಿಕೊಟ್ಟ ಬುತ್ತಿಯನ್ನೂ, ಮುಧೋಳದವಳು ಬಸ್ಸಿನಲ್ಲಿ ಹಾಡಿದ ಹಾಡುಗಳನ್ನೂ, ಬನಹಟ್ಟಿಯವಳು ನೀರಿನಲ್ಲಿ ಕಳೆದುಕೊಂಡ ಕಾಲ್ಗೆಜ್ಜೆಯನ್ನೂ ನೆನೆದು ನಗುವರು. ಈ ಸಂತೋಷಕ್ಕೆ ಅಡ್ಡಿ ತರುವುದು ನನ್ನ ಉದ್ದೇಶವಲ್ಲ. ಆದರೆ ಇಂಥ ಪ್ರವಾಸಗಳಲ್ಲಿ ನಾವು ಅರಿಯದೆ ಮಾಡುತ್ತ ಬಂದಿರುವ ತಪ್ಪೊಂದುಂಟು. ಅದನ್ನು ನಾನೇ ಮಾಡಿರುವುದರಿಂದ ಆ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ನಮ್ಮ ಬಯಲುಸೀಮೆಯ ಮಕ್ಕಳಿಗೆ ತಾನಾಗಿ ಚಿಮ್ಮುವ ನೀರು ಎಂದರೆ ದೊಡ್ಡ ಸೋಜಿಗ. ಆದುದರಿಂದಲೇ ನಾವು ಮುಧೋಳ, ಲೋಕಾಪುರಗಳನ್ನು ದಾಟಿ ಬಾದಾಮಿಯ ಸೀಮೆಯ ಮಹಾಕೂಟಕ್ಕೆ ಹೋಗುತ್ತೇವೆ. ಅಲ್ಲಿಯ ಗುಡ್ಡಗಳು ಮರಳುಗಲ್ಲಿನವು. ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಇಂಗಿ, ಒಳಗೊಳಗೇ ಇಳಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಡುವುದು. ಆ ನೀರು ತುಂಬಿದ ಕೊಳಕ್ಕೆ ವಿಷ್ಣು ಪುಷ್ಕರಿಣಿ ಎಂದು ಹೆಸರು. ಅದರ ಸುತ್ತಲೂ ಚಾಲುಕ್ಯರ ಕಾಲದ ದೇವಾಲಯಗಳು. ಕೊಳದ ಒಳಗೆ ಒಂದು ಚಿಕ್ಕ ಕಲ್ಲಿನ ಗುಡಿ. ಬಿಸಿಲಿನಲ್ಲಿ ಬೆಂದು ಬಂದವರಿಗೆ ಆ ತಿಳಿನೀರನ್ನು ಕಂಡೊಡನೆ ಮನಸ್ಸು ತಣ್ಣಗಾಗುವುದು.

ಕೆಲವು ವರ್ಷಗಳ ಹಿಂದೆ ನಾನು ಹೆಣ್ಣುಮಕ್ಕಳ ಒಂದು ಗುಂಪಿನೊಡನೆ ಅಲ್ಲಿಗೆ ಹೋಗಿದ್ದೆನು. ಮಕ್ಕಳು ಚಪ್ಪಲಿಗಳನ್ನು ಮೆಟ್ಟಿಲುಗಳ ಮೇಲೆಯೇ ಬಿಟ್ಟು ಕೇಕೆ ಹಾಕುತ್ತ ನೀರಿಗಿಳಿದರು. ಮೂಲೆಯಲ್ಲಿ ಹತ್ತಿರದ ಹಳ್ಳಿಯ ವೃದ್ಧೆಯೊಬ್ಬಳು ಮೊಮ್ಮಗನಿಗೆ ಮೀಯಿಸುತ್ತಿದ್ದಳು. ನೋಟವು ಚೆಲುವಾಗಿದ್ದುದರಿಂದ ನಾನು ಮೊಬೈಲಿನಲ್ಲಿ ಅವಳ ಚಿತ್ರವನ್ನು ತೆಗೆದೆನು. ಅವಳು ಒದ್ದೆಯ ಸೆರಗನ್ನು ಹೊದ್ದುಕೊಂಡು ನನ್ನ ಕಡೆಗೆ ತಿರುಗಿ, "ಯವ್ವಾ, ನಿನ್ನ ಮನಿ ಬಚ್ಚಲಕ್ಕ ಬಂದು ನಾ ಹಿಂಗ ಫೋಟೋ ತಗದರ ನೀ ಸುಮ್ಮನಿರತೀ ಏನು?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಾಗಿಯೇ ಆ ಮಾತು ಹೆಚ್ಚು ನೆಟ್ಟಿತು. ಕೂಡಲೇ ಚಿತ್ರವನ್ನು ಅಳಿಸಿ ಅವಳ ಕ್ಷಮೆಯನ್ನು ಬೇಡಿದೆನು. ಆದರೆ ಅವಳು ಕೇಳಿದ ಪ್ರಶ್ನೆಯನ್ನು ನನ್ನ ಮನಸ್ಸಿನಿಂದ ಅಳಿಸಲಾಗಲಿಲ್ಲ.

ನಮ್ಮ ದೋಷವೆಲ್ಲಿ? ನಾವು ನೀರನ್ನು ಕಂಡೆವು, ನೀರಿನ ಮನೆಯವರನ್ನು ಕಾಣಲಿಲ್ಲ. ಕಂಡರೂ ಅವರನ್ನು ಕಲ್ಲು, ಮರ, ಗೋಪುರಗಳೊಡನೆ ನೋಟದ ಒಂದು ಭಾಗವಾಗಿ ಎಣಿಸಿದೆವು. ಒರತೆಯು ಗುಡ್ಡದಿಂದ ಹುಟ್ಟಿದರೂ, ಅದು ಇಂದಿಗೂ ತಿಳಿಯಾಗಿ ಉಳಿದಿರುವುದು ಮನುಷ್ಯರ ಕೈಗಳಿಂದ. ಮಹಾಕೂಟದಲ್ಲಿದ್ದು ಈಗ ವಿಜಯಪುರದ ಗೋಳಗುಮ್ಮಟದ ಸಂಗ್ರಹಾಲಯದಲ್ಲಿರುವ ಮಂಗಲೇಶನ ಸ್ತಂಭಶಾಸನವು ಈ ದೇವರಿಗೆ ಬಿಟ್ಟ ಹತ್ತು ಹಳ್ಳಿಗಳನ್ನು ಹೇಳುವಾಗ ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯನ್ನೂ ಸ್ಮರಿಸುತ್ತದೆ. ಅಲ್ಲಿಯದೇ ಇನ್ನೊಂದು ಶಾಸನವು ವಿಜಯಾದಿತ್ಯನ ಕಾಲದ ವಿನಾಪೋಟಿ ಎಂಬವಳ ದಾನವನ್ನು ಬರೆದಿಟ್ಟಿದೆ. ರಾಣಿಯ ಹೆಸರೂ, ವಿನಾಪೋಟಿಯ ಹೆಸರೂ ಕಲ್ಲಿನಲ್ಲಿ ನಿಂತವು. ಮೆಟ್ಟಿಲುಗಳನ್ನು ಗುಡಿಸಿ ಹೂಳನ್ನೆತ್ತಿದ ಊರ ಹೆಂಗಸರ ಹೆಸರುಗಳನ್ನು ಯಾರೂ ಕೆತ್ತಲಿಲ್ಲ. ಅವರಿಗೆ ನಾವು ಸಲ್ಲಿಸಬಹುದಾದ ಗೌರವವು ನಮ್ಮ ನಡತೆಯೊಂದೇ.

"ತೀರ್ಥವು ಎಲ್ಲರದು, ಅದಕ್ಕೆ ಯಾರ ಅಪ್ಪಣೆ?" ಎಂದು ಕೆಲವರು ಕೇಳುವರು. ಮಾತು ನಿಜವೇ. ನೀರನ್ನು ಕೆಲವರಿಗೆ ಕೊಟ್ಟು ಕೆಲವರಿಗೆ ನಿರಾಕರಿಸಿದ ಪಾಪವು ನಮ್ಮ ನಾಡಿನಲ್ಲಿ ಬಹುಕಾಲ ನಡೆದುದುಂಟು. ಅಂಥ ಬೇಲಿಗಳನ್ನು ಪುನಃ ಕಟ್ಟಬೇಕೆಂದು ಯಾರೂ ಹೇಳರು. ಆದರೆ ಎಲ್ಲರದೆಂಬುದಕ್ಕೆ ಯಾರದೂ ಅಲ್ಲವೆಂದು ಅರ್ಥ ಮಾಡಬಾರದು. ಎಲ್ಲರ ನೀರಾದುದರಿಂದಲೇ ಅದನ್ನು ಕೆಡಿಸುವ ಹಕ್ಕು ಒಬ್ಬರಿಗೂ ಇಲ್ಲ. ಪ್ರವಾಸಿಗರಿಂದ ಊರವರಿಗೆ ನಾಲ್ಕು ಕಾಸು ಸಿಕ್ಕುವುದಲ್ಲ ಎನ್ನುವವರಿಗೂ ಇದೇ ಉತ್ತರ. ರೊಟ್ಟಿಯನ್ನು ಕೊಂಡವರು ರೊಟ್ಟಿಯನ್ನು ಮಾತ್ರ ಕೊಂಡರು. ಮಾರಿದವಳ ಮಾನವನ್ನು ಕೊಳ್ಳಲಿಲ್ಲ.

ನೋಡಿಸಿಕೊಳ್ಳುವವರ ಸಂಕಟ ನಮಗೆ ತಿಳಿಯದುದೇನಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗೆ ಪರಸ್ಥಳದವರು ಕೇಳದೆ ನುಗ್ಗಿ, ಹಾಸಿನ ಎಳೆಗಳನ್ನು ಜಗ್ಗಿ, ನೇಯುವವನ ಮುಖವನ್ನು ಸಹ ನೋಡದೆ ಸೀರೆಯ ಬೆಲೆಯನ್ನು ಮಾತ್ರ ಕೇಳಿ ಹೋದರೆ ಆ ಮನೆಯ ಮಗಳಿಗೆ ಹೇಗನಿಸುವುದು? ಬೀಳಗಿಯ ಸೋದರಿಯರು ಇದಕ್ಕಿಂತ ದೊಡ್ಡ ನೋವನ್ನು ಬಲ್ಲರು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಮುಂದೆ ಅದರ ಹಿನ್ನೀರಿನಲ್ಲಿ ಬೀಳಗಿಯ ಸೀಮೆಯ ಹಲವು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿದವು. ಇಂದು ನೋಡಬಂದವರು ಆ ಜಲರಾಶಿಯ ಅಂಚಿನಲ್ಲಿ ನಿಂತು, "ಆಹಾ, ಎಂಥ ಚೆಲುವು!" ಎನ್ನುವರು. ಪಕ್ಕದಲ್ಲಿ ನಿಂತ ಮುದುಕಿಗೆ ಅದೇ ನೀರಿನ ಕೆಳಗೆ ತನ್ನ ಒಲೆಯೂ, ತನ್ನ ಕಣವೂ, ತವರಿಗೆ ಹೋಗುವ ದಾರಿಯೂ ಕಾಣುವವು. ಚೆಲುವೆಂದವರು ಸುಳ್ಳಾಡಲಿಲ್ಲ, ಆದರೆ ಒಂದು ಗಳಿಗೆ ಅವಳನ್ನು ಮಾತನಾಡಿಸಿದ್ದರೆ ಅವರು ಇನ್ನೂ ಹೆಚ್ಚಿನದನ್ನು ನೋಡಬಹುದಾಗಿತ್ತು.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಭೂಮಿಯ ಆ ಬದಿಯಲ್ಲಿ, ಕೆರಿಬಿಯನ್ ಸಮುದ್ರದಲ್ಲಿ, ಡೊಮಿನಿಕಾ ಎಂಬ ಗುಡ್ಡಗಾಡಿನ ದ್ವೀಪವಿದೆ. ಅಲ್ಲಿಯ ವಾಟನ್ ವೇವನ್ ಎಂಬ ಹಳ್ಳಿಯ ಗಂಧಕದ ಬಿಸಿನೀರಿನ ಬುಗ್ಗೆಗಳಲ್ಲಿ ಮೀಯಲು ದೂರದೇಶಗಳಿಂದ ಜನರು ಬರುವರು. 1493ರ ನವೆಂಬರ 3ರಂದು, ಒಂದು ಆದಿತ್ಯವಾರ, ಕೊಲಂಬಸನು ಹಡಗಿನಿಂದಲೇ ಆ ದ್ವೀಪವನ್ನು ಕಂಡು ವಾರದ ಹೆಸರನ್ನೇ ಅದಕ್ಕಿಟ್ಟನು. ದ್ವೀಪದ ಮೂಲನಿವಾಸಿಗಳಾದ ಕಲಿನಾಗೊ ಜನರು ಮೊದಲೇ ತಮ್ಮ ಭೂಮಿಯನ್ನು ನೀಳಕಾಯದ ತಾಯಿಯೆಂದು ಭಾವಿಸಿ ವೈತುಕುಬುಲಿ ಎಂದು ಕರೆಯುತ್ತಿದ್ದರು. ಅದನ್ನು ಅವನು ಕೇಳಲಿಲ್ಲ. ಆ ಜನರಿಗೂ ಪರಕೀಯರು ಕ್ಯಾರಿಬ್ ಎಂಬ ಹೆಸರನ್ನಿಟ್ಟರು. 1903ರಲ್ಲಿ ಅವರಿಗಾಗಿ ಕಾದಿರಿಸಿದ ಸುಮಾರು 3,700 ಎಕರೆ ನೆಲವು ಬಹುಕಾಲ ಅದೇ ಹೆಸರನ್ನು ಹೊತ್ತಿತ್ತು. 2015ರಲ್ಲಿ ಮಾತ್ರ ಕಾಯಿದೆಯ ಪ್ರಕಾರ ಅದು ಕಲಿನಾಗೊ ನೆಲವೆನಿಸಿತು. ಒಂದು ಹೆಸರನ್ನು ಕೇಳದೆ ಹೋದುದಕ್ಕೆ ಐದು ಶತಮಾನಗಳಿಗೂ ಮಿಕ್ಕಿ ಬೆಲೆ ತೆರಬೇಕಾಯಿತು!

ಆದಕಾರಣ ನನ್ನ ಬಿನ್ನಹವಿಷ್ಟೇ. ಒರತೆಯ ಬಳಿಗೆ ಹೋದಾಗ ಮೊದಲು ನೀರಿಗಿಳಿಯದೆ ಊರವರಿಗೆ ನಮಸ್ಕರಿಸಿರಿ. ನೀರಿನ ಹೆಸರೇನು, ಕುಡಿಯುವ ನೀರಾವುದು, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಕೇಳಿರಿ. ಸಾಬೂನನ್ನೂ ಪ್ಲಾಸ್ಟಿಕ್ಕನ್ನೂ ನೀರಿಗೆ ತಾಗಿಸಬೇಡಿರಿ. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿರಿ. ಮೀಯುವವರ ಚಿತ್ರವನ್ನಂತೂ ತೆಗೆಯುವ ಯೋಚನೆಯೇ ಬೇಡ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬಂದು ಜೋಳದ ರೊಟ್ಟಿ, ಮೊಸರು ಬಡಿಸುವ ತಾಯಂದಿರೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿರಿ. ಆ ಸ್ಥಳದಲ್ಲಿ ಪೂಜಿಸುವವರು ಪೂಜಿಸಲಿ. ಪೂಜಿಸದವರು ಪೂಜಿಸುವವರ ಭಾವವನ್ನು ಗೌರವಿಸಲಿ. ಸಮಾರ್ಯದ ಬಾವಿಯ ಬಳಿ ದಣಿದು ಕುಳಿತ ಗುರುವು ಆ ಊರಿನ ಹೆಂಗಸಿನ ಕೈಯಿಂದ ನೀರನ್ನು ಬೇಡಿದ ಕಥೆಯನ್ನು ನಮ್ಮ ಶಾಲೆಯಲ್ಲಿ ಕೇಳದವರಿಲ್ಲ. ಬೇಡಿದ್ದರಿಂದ ಅವನ ಹಿರಿಮೆ ಕುಂದಲಿಲ್ಲ.

ಪಾಲಕರೇ, ಮಕ್ಕಳನ್ನು ಪ್ರವಾಸಕ್ಕೆ ಕಳುಹುವಾಗ ಬುತ್ತಿಯ ಜೊತೆಗೆ ಈ ಒಂದು ಮಾತನ್ನೂ ಕಟ್ಟಿಕೊಡಿರಿ. ತಿರುಗಿ ಬಂದ ಮಗಳನ್ನು, "ಏನೇನು ನೋಡಿದೆ?" ಎಂದು ಕೇಳಿದ ಮೇಲೆ, "ಯಾರನ್ನು ಮಾತನಾಡಿಸಿದೆ?" ಎಂದೂ ಕೇಳಿರಿ. ನಾನು ಮುಂದಿನ ಸಲ ಮಹಾಕೂಟಕ್ಕೆ ಹೋದಾಗ ಆ ವೃದ್ಧೆಯನ್ನು ಹುಡುಕಿ, ಅಂದು ಕೇಳಲು ಮರೆತ ಅವಳ ಹೆಸರನ್ನು ಕೇಳಬೇಕೆಂದಿದ್ದೇನೆ.