ಒಂದೊಂದು ಅಗುಳನ್ನೂ ಹಿಸುಕಬೇಕು

2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನಗಳು. ವಿಮಾನಗಳನ್ನು ಅಪಹರಿಸಿದವರ ಭಾವಚಿತ್ರಗಳು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಶಾಖಾ ಕಚೇರಿಗಳಿಗೆ ತುರ್ತಾಗಿ ತಲುಪಬೇಕಿತ್ತು. ಜಗತ್ತಿನ ಅತಿ ಶ್ರೀಮಂತ ದೇಶದ ಈ ಸಂಸ್ಥೆ ಅವನ್ನು ಗಣಕಯಂತ್ರದಲ್ಲಿ ಕಳಿಸಲಾಗದೆ ಅಂಚೆಯಲ್ಲಿ ರವಾನಿಸಿತು! ಮೊಕದ್ದಮೆಗಳ ಕಡತ ನೋಡಿಕೊಳ್ಳಲು ಅದರ ಬಳಿ ಇದ್ದದ್ದು 1995ರಲ್ಲಿ ಬಂದ, ಬರೀ ಅಕ್ಷರಗಳನ್ನು ತೋರಿಸುವ ತಂತ್ರಾಂಶ. ಅದರ ಗೊಡವೆಯೇ ಬೇಡವೆಂದು ಅಧಿಕಾರಿಗಳು ಕಾಗದದ ಕಡತಗಳನ್ನೇ ನೆಚ್ಚಿಕೊಂಡಿದ್ದರು.

ಹೊಸ ತಂತ್ರಾಂಶ ಬೇಕೇ ಬೇಕೆಂದಾಯಿತು. ಏನೇನು ಬೇಕೆಂಬುದನ್ನು 800ಕ್ಕೂ ಹೆಚ್ಚು ಪುಟಗಳಲ್ಲಿ ಬರೆದಿಡಲಾಯಿತು. ಎಸ್‌ಎಐಸಿ ಎಂಬ ಕಂಪನಿ ಗುತ್ತಿಗೆ ಹಿಡಿದು ಸುಮಾರು 7 ಲಕ್ಷ ಸಾಲುಗಳ ಪ್ರೋಗ್ರಾಂ ಬರೆಯಿತು. ನಡುವೆ ದಿನಕ್ಕೆ ಸರಾಸರಿ ಒಂದಕ್ಕಿಂತ ಹೆಚ್ಚು ಬದಲಾವಣೆ ಕೇಳುತ್ತಾರೆಂದು ಕಂಪನಿಯ ದೂರು. ಕೇಳಿದ್ದನ್ನು ಕೊಡುತ್ತಿಲ್ಲವೆಂದು ಎಫ್‌ಬಿಐ ದೂರು. 2003ರ ಡಿಸೆಂಬರಿನಲ್ಲಿ ತಂತ್ರಾಂಶ ಕೈಗೆ ಬಂದಾಗ ಮೊದಲ ನೋಟಕ್ಕೇ 17 ಲೋಪಗಳು ಕಂಡವು. ಕೆದಕಿದಷ್ಟೂ ಪಟ್ಟಿ ಬೆಳೆಯಿತು. 17 ಕೋಟಿ ಡಾಲರ್ ನುಂಗಿದ ಯೋಜನೆಯನ್ನು 2005ರಲ್ಲಿ ಕೈಬಿಡಲಾಯಿತು.

ಹೀಗೇಕಾಯಿತು? ಆಗ ಬಹುತೇಕ ಕಡೆ ತಂತ್ರಾಂಶ ತಯಾರಾಗುತ್ತಿದ್ದುದು ‘ಜಲಪಾತ’ ಮಾದರಿಯಲ್ಲಿ. ಮೊದಲು ಬೇಕು-ಬೇಡಗಳ ಪಟ್ಟಿ, ಬಳಿಕ ವಿನ್ಯಾಸ, ಆಮೇಲೆ ಪ್ರೋಗ್ರಾಂ ಬರವಣಿಗೆ, ಕಟ್ಟಕಡೆಗೆ ಪರೀಕ್ಷೆ. ಜಲಪಾತದ ನೀರಿನಂತೆ ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಹಿಂದಕ್ಕೆ ಹತ್ತುವುದಿಲ್ಲ. ಕೇಳಲು ಅಚ್ಚುಕಟ್ಟು. ಆದರೆ ಮೊದಲ ತಿಂಗಳು ಆದ ತಪ್ಪು ಬೆಳಕಿಗೆ ಬರುವುದು ಮೂರನೆಯ ವರ್ಷದಲ್ಲಿ. ಅಷ್ಟರಲ್ಲಿ ಅದರ ಮೇಲೆ ಇಡೀ ಕಟ್ಟಡವೇ ಎದ್ದಿರುತ್ತದೆ. ಗಡುವು ಹತ್ತಿರವಾದಾಗ ಮೊದಲು ಕತ್ತರಿ ಬೀಳುವುದೂ ಕೊನೆಯ ಹಂತವಾದ ಪರೀಕ್ಷೆಗೇ.

ಈ ಪೀಕಲಾಟಕ್ಕೆ ಬೇಸತ್ತ 17 ಮಂದಿ ಪರಿಣತರು 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ ಸೇರಿ ಒಂದು ಪ್ರಣಾಳಿಕೆ ಹೊರಡಿಸಿದ್ದರು. ತಮ್ಮ ಮಾರ್ಗಕ್ಕೆ ಅವರಿಟ್ಟ ಹೆಸರು ‘ಅಜೈಲ್’, ಅಂದರೆ ಚುರುಕು. ಅದರ ಸಾರವಿಷ್ಟೇ: ದಪ್ಪ ದಾಖಲೆಗಿಂತ ನಡೆಯುವ ತಂತ್ರಾಂಶ ಮೇಲು, ಚಿಕ್ಕ ಚಿಕ್ಕ ಕಂತುಗಳಲ್ಲಿ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಳ್ಳಿ.

ಎಫ್‌ಬಿಐ ಆ ದಾರಿಗೆ ಬರಲು ಇನ್ನೊಂದು ಪೆಟ್ಟು ತಿನ್ನಬೇಕಾಯಿತು. ‘ಸೆಂಟಿನೆಲ್’ ಎಂಬ ಹೆಸರಿನಲ್ಲಿ 2006ರಲ್ಲಿ ಎರಡನೆಯ ಪ್ರಯತ್ನ ಆರಂಭವಾಯಿತು. ಈ ಬಾರಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಗುತ್ತಿಗೆ, ನಾಲ್ಕು ಹಂತಗಳು, 42.5 ಕೋಟಿ ಡಾಲರ್ ಅಂದಾಜು. 2010ರ ಆಗಸ್ಟ್ ಹೊತ್ತಿಗೆ 40.5 ಕೋಟಿ ಖರ್ಚಾಗಿತ್ತು, ಮುಗಿದದ್ದು ಎರಡೇ ಹಂತ. ಇದೇ ರೀತಿ ಸಾಗಿದರೆ ಇನ್ನೂ ಆರು ವರ್ಷ, 35 ಕೋಟಿ ಡಾಲರ್ ಬೇಕೆಂದು ಹೊರಗಿನ ತಜ್ಞರು ಲೆಕ್ಕ ಕೊಟ್ಟರು.

ಆಗ ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡಿತು. ಇನ್ನೂರಕ್ಕೂ ಹೆಚ್ಚಿದ್ದ ಗುತ್ತಿಗೆ ತಂಡ ಕೆಲವೇ ಡಜನ್ ಜನಕ್ಕೆ ಇಳಿಯಿತು. ಉಳಿದ ಕೆಲಸವನ್ನು ಎರಡೆರಡು ವಾರಗಳ ಕಂತುಗಳಾಗಿ ಸೀಳಲಾಯಿತು. ಪ್ರತಿ ಕಂತಿನ ಕೊನೆಗೆ ಮಾತಿನ ವರದಿಯಲ್ಲ, ನಡೆಯುವ ಪ್ರೋಗ್ರಾಮನ್ನೇ ತೋರಿಸಬೇಕು. ಒಪ್ಪಿಗೆಯಾಗದ್ದು ಮುಂದಿನ ಕಂತಿಗೆ. ಬರೆದವನಿಗೆ ತಾನು ಏನು ಬರೆದೆನೆಂಬುದು ಇನ್ನೂ ನೆನಪಿರುವಾಗಲೇ ತಪ್ಪು ಕೈಗೆ ಸಿಕ್ಕಿತು. ಅಜೈಲ್‌ನಿಂದ ಗುಣಮಟ್ಟಕ್ಕೆ ಆಗುವ ಮುಖ್ಯ ಲಾಭ ಇದೇ.

ಹಾಗೆಂದು ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 2011ರ ಅಕ್ಟೋಬರಿನಲ್ಲಿ ನೂರಾರು ಸಿಬ್ಬಂದಿಯನ್ನು ಏಕಕಾಲಕ್ಕೆ ಕೂರಿಸಿ ಪರೀಕ್ಷಿಸಿದಾಗ ವ್ಯವಸ್ಥೆ ಸ್ತಬ್ಧವಾಯಿತು. ಹಳೆಯ ಯಂತ್ರಗಳಿಗೆ ಆ ಹೊರೆ ತಡೆಯಲಿಲ್ಲ. ಗಡುವಿನ ಮುಖ ನೋಡಿ ಬಿಡುಗಡೆ ಮಾಡುವ ಬದಲು ಅದನ್ನು ಮುಂದಕ್ಕೆ ಹಾಕಲಾಯಿತು. 2012ರ ಜುಲೈ 1ರಂದು, ಪರಿಷ್ಕೃತ ಅಂದಾಜಾದ 45.1 ಕೋಟಿ ಡಾಲರ್ ಮೀರದೆ, ಸೆಂಟಿನೆಲ್ ಎಲ್ಲರ ಬಳಕೆಗೆ ಬಂತು. 2014ರಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಬಳಕೆದಾರರನ್ನು ವಿಚಾರಿಸಿದಾಗ ಹೆಚ್ಚಿನವರು ಕೆಲಸ ಸುಧಾರಿಸಿದೆ ಎಂದರು. ಆದರೆ ಕಡತ ಹುಡುಕುವ ಸೌಲಭ್ಯದ ಬಗ್ಗೆ ಗೊಣಗಾಟ ಇನ್ನೂ ಉಳಿದಿತ್ತು.

ಇಂದು ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲೂ ಅಜೈಲ್ ಮನೆಮಾತು. ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ನಡೆಸುವ ಹತ್ತು ಹದಿನೈದು ನಿಮಿಷಗಳ ಸಭೆ, ಗೋಡೆಯ ಮೇಲೆ ಬಣ್ಣದ ಚೀಟಿಗಳು, ಎರಡು ವಾರದ ಗಡುವು. ಈ ಆಚರಣೆಗಳನ್ನು ರೂಢಿಸಿಕೊಳ್ಳುವುದು ಸುಲಭ. ಪರೀಕ್ಷೆಯ ಶಿಸ್ತು ಕಷ್ಟ. ಅದನ್ನು ಬಿಟ್ಟು ವೇಗವನ್ನಷ್ಟೇ ಹಿಡಿದ ಕಡೆ ಎರಡು ವಾರಕ್ಕೊಮ್ಮೆ ಹೊರಬರುವುದು ಹೊಸ ಸೌಲಭ್ಯವಲ್ಲ, ಹೊಸ ದೋಷ. ಸ್ನೋಬರ್ಡ್‌ನ ಹದಿನೇಳು ಮಂದಿಯಲ್ಲಿ ಒಬ್ಬರಾದ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲೇ ಇಂಥದ್ದಕ್ಕೆ ಸಾಲದ ಹೋಲಿಕೆ ಕೊಟ್ಟಿದ್ದರು. ಅವಸರದಲ್ಲಿ ಬರೆದ ಪ್ರೋಗ್ರಾಮನ್ನು ಬೇಗ ತಿದ್ದದಿದ್ದರೆ, ಆಮೇಲಿನ ಪ್ರತಿಯೊಂದು ಬದಲಾವಣೆಗೂ ಬಡ್ಡಿ ತೆರುತ್ತಿರಬೇಕು.

ಪರೀಕ್ಷೆಗೆ ಬೆಲೆ ಎಷ್ಟು? ಮೈಕ್ರೋಸಾಫ್ಟ್‌ನ ಮೂರು ಹಾಗೂ ಐಬಿಎಂನ ಒಂದು ತಂಡವನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಅಜೈಲ್ ಪಂಥದವರೇ ಬಳಕೆಗೆ ತಂದ ಒಂದು ಕ್ರಮದಂತೆ ಈ ತಂಡಗಳು ಪ್ರೋಗ್ರಾಂಗೆ ಮುಂಚೆಯೇ ಅದರ ಪರೀಕ್ಷೆಯನ್ನು ಬರೆದಿಡುತ್ತಿದ್ದವು. ಇತರ ತಂಡಗಳಿಗೆ ಹೋಲಿಸಿದರೆ ಅವುಗಳ ದೋಷಗಳ ಪ್ರಮಾಣ ಶೇ 40ರಿಂದ 90ರಷ್ಟು ಕಡಿಮೆ. ತಯಾರಿಕೆಯ ಅವಧಿ ಮಾತ್ರ ಮೊದಮೊದಲು ಶೇ 15ರಿಂದ 35ರಷ್ಟು ಹೆಚ್ಚಿತ್ತೆಂದು ವ್ಯವಸ್ಥಾಪಕರ ಅಂದಾಜು. ಅಂದರೆ, ಚುರುಕು ಎಂಬ ಹೆಸರಿನ ವಿಧಾನದಲ್ಲಿ ಗುಣಮಟ್ಟ ಬೇಕಿದ್ದರೆ ಕೊಂಚ ನಿಧಾನಿಸಲು ಸಿದ್ಧರಿರಬೇಕು!

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರೆ ಹಿರಿಯರು. ತಂತ್ರಾಂಶಕ್ಕೆ ಈ ಮಾತು ಸಲ್ಲದು. ಅಲ್ಲಿ ಒಂದು ಅಗುಳು ಬೆಂದಿತೆಂದರೆ ಪಕ್ಕದ್ದೂ ಬೆಂದಿದೆ ಎನ್ನುವಂತಿಲ್ಲ, ಒಂದೊಂದನ್ನೂ ಹಿಸುಕಬೇಕು. ಒಲೆ ಆರಿಸಿದ ಮೇಲೆ ಹಿಸುಕುವುದಲ್ಲ, ಬೇಯುತ್ತಿರುವಾಗಲೇ ಹಿಸುಕುತ್ತಿರಬೇಕು. ಎಫ್‌ಬಿಐ ಕೋಟಿಗಟ್ಟಲೆ ಡಾಲರ್ ತೆತ್ತು ಕಲಿತ ಪಾಠ ಇದು.