ವೆಂಟಿಲೇಟರಿಗೆ ಹಾಕಿದರೆ ಮುಗಿಯಿತೇ?

ಶಿಷ್ಯರಲ್ಲಿ, ಬಂಧುಗಳಲ್ಲಿ ಕೆಲವರಿಗೆ ಈ ಬರಹ ರುಚಿಸಲಾರದು. ಆದರೂ ಬರೆಯದೆ ಇರಲಾರೆ.

ಕಾಪುವಿನ ಸಮೀಪ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಏಟಾಗಿದ್ದ ನಮ್ಮ ಸಂಬಂಧಿಕರ ಹುಡುಗನನ್ನು ನೋಡಲು ಹೋಗಿದ್ದೆ. ಹೆಲ್ಮೆಟ್ ಇತ್ತು, ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ತೀವ್ರ ನಿಗಾ ಘಟಕದ ಹೊರಗೆ ಉಡುಪಿ, ಕಾರ್ಕಳಗಳಿಂದ ಬಂದ ಹದಿನೈದು ಮಂದಿ. ಹತ್ತನೆಯ ದಿನ ವೈದ್ಯರು, ಬಾಯಿಯ ಕೊಳವೆಯನ್ನು ತೆಗೆದು ಕತ್ತಿನಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದ ಉಸಿರು ಕೊಡಬೇಕೆಂದರು. ಹಿರಿಯರೊಬ್ಬರು ಎದ್ದು ನಿಂತರು. "ಗಂಟಲು ಕೊಯ್ಯುವುದು ಬೇಡ. ವೆಂಟಿಲೇಟರಿಗೆ ಹಾಕಿದವರು ಯಾರು ಎದ್ದು ಬಂದಿದ್ದಾರೆ? ಎಲ್ಲ ಬಿಲ್ಲು ಏರಿಸುವ ಉಪಾಯ." ಹುಡುಗನ ತಾಯಿ ಪೆನ್ನು ಕೆಳಗಿಟ್ಟಳು. ಮೂರು ದಿನ ಚರ್ಚೆಯಲ್ಲೇ ಕಳೆಯಿತು.

ತೀರ ಅಪಾಯದಲ್ಲಿರುವವರನ್ನೇ ಆ ಯಂತ್ರಕ್ಕೆ ಜೋಡಿಸುವುದು. ಅವರಲ್ಲಿ ಹಲವರು ಉಳಿಯುವುದಿಲ್ಲ. ತಪ್ಪು ಯಂತ್ರದ್ದೇ? ಕೊಡೆ ಹಿಡಿದವರೆಲ್ಲ ಮಳೆಯಲ್ಲಿದ್ದಾರೆ, ಆದ್ದರಿಂದ ಕೊಡೆಯಿಂದಲೇ ಮಳೆ ಎಂದು ಎಂಟನೆಯ ತರಗತಿಯ ಹುಡುಗ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

'ಗಂಟಲು ಕೊಯ್ಯುವ' ಈ ಕ್ರಮವೇ ಈ ಚಿಕಿತ್ಸೆಯ ಮೂಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಕತ್ತಿನ ರಂಧ್ರದ ಮೂಲಕ ರಬ್ಬರ್ ಚೀಲ ಒತ್ತಿ ಗಾಳಿ ಕೊಡಿಸಿದರು. ಸಾಕಷ್ಟು ಯಂತ್ರಗಳಿರಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಕೈಯಿಂದ ಒತ್ತಿದರು. ಸಾವಿನ ಪ್ರಮಾಣ ಬಹಳವಾಗಿ ಇಳಿಯಿತು.

ಮಿದುಳಿಗೆ ಪೆಟ್ಟಾದವನ ಶ್ವಾಸಕೋಶ ಮೊದಲಿಗೆ ಚೆನ್ನಾಗಿಯೇ ಇರಬಹುದು; ಆದರೆ ಎಂಜಲು ಶ್ವಾಸನಾಳಕ್ಕೆ ಇಳಿಯದಂತೆ ಕಾಯುವ ಪ್ರಜ್ಞೆ ಇರುವುದಿಲ್ಲ. ಯಂತ್ರ ಅಗತ್ಯಕ್ಕಿಂತ ಹೆಚ್ಚು ಉಸಿರಾಡಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ, ರಕ್ತ ಸಾಲದಾಗುತ್ತದೆ. ಕಡಿಮೆಯಾದರೆ ನಾಳಗಳು ಹಿಗ್ಗುತ್ತವೆ. ತಲೆಬುರುಡೆ ಮುಚ್ಚಿದ ಪೆಟ್ಟಿಗೆ, ಒತ್ತಡ ಏರುತ್ತದೆ. ಪದೇ ಪದೇ ರಕ್ತ ತೆಗೆದು ಪರೀಕ್ಷಿಸುವುದು ಇದಕ್ಕಾಗಿ. ನಮ್ಮವರು ಅದನ್ನು 'ರಕ್ತ ಹೀರುವುದು' ಎಂದರು! ಬಾಯಿಯ ಕೊಳವೆ ಬಹುದಿನ ಉಳಿದರೆ ಗಂಟಲು, ಧ್ವನಿಪೆಟ್ಟಿಗೆಗಳಿಗೆ ಗಾಯ. ಅದನ್ನು ಸಹಿಸಲು ಮತ್ತಷ್ಟು ನಿದ್ರೆಯ ಔಷಧ. ಕತ್ತಿನ ಕೊಳವೆ ಮಿದುಳನ್ನು ಗುಣಪಡಿಸದು, ನಿಜ. ಕಫ ತೆಗೆಯುವುದು, ಯಂತ್ರ ಬಿಡಿಸುವುದು ಸುಲಭವಾಗುತ್ತದೆ, ಅಷ್ಟೇ.

ಎಲ್ಲರೂ ಬದುಕುತ್ತಾರೆಂದು ನಾನು ಹೇಳುತ್ತಿಲ್ಲ. ಯಂತ್ರದಿಂದ ನ್ಯುಮೋನಿಯಾ ಬರುವುದುಂಟು, ಖರ್ಚು ಮನೆಯನ್ನೇ ಅಲುಗಿಸುವುದುಂಟು. ಆದರೆ ಕೋಮಾ ಬೇರೆ, ಮಿದುಳು ಸಾವು ಬೇರೆ. ಎರಡನೆಯದನ್ನು 1994ರ ಅಂಗಾಂಗ ಕಸಿ ಕಾಯಿದೆಯಂತೆ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಚೇತರಿಕೆಯ ಆಸೆಯೇ ಇಲ್ಲದಾಗ ಯಂತ್ರವನ್ನು ಹಿಂದೆಗೆಯಲು 2018 ಮತ್ತು 2023ರಲ್ಲಿ ಸುಪ್ರೀಂ ಕೋರ್ಟು ದಾರಿ ತೋರಿಸಿದೆ. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಆ ಬಗ್ಗೆ ಆದೇಶ ಹೊರಡಿಸಿತು. ಪಡಸಾಲೆಯ ಕುರ್ಚಿಯಲ್ಲಿ ಕುಳಿತ ಮಾವಂದಿರಿಗೆ ಯಾವ ಕಾಯಿದೆಯೂ ಆ ಅಧಿಕಾರ ಕೊಟ್ಟಿಲ್ಲ.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. "ಮಾಷ್ಟ್ರೇ, ನೀವು ಓದಿದವರು, ಹೇಳಿ" ಎಂದು ಆ ತಾಯಿ ಕೇಳಿದಾಗ, ನೆಂಟಸ್ತಿಕೆ ಕೆಡುತ್ತದೆಂದು ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಅವಳೇ ಸಹಿ ಹಾಕಿದಳು.

ಹುಡುಗ ಈಗ ಕಾರ್ಕಳದ ಮನೆಯಲ್ಲಿದ್ದಾನೆ. ಮಾತು ನಿಧಾನ, ಎಡಗೈ ಇನ್ನೂ ಸೋತಿದೆ. ಮೊನ್ನೆ ಆ ಹಿರಿಯರು ಹೋಗಿ ಅವನ ಕತ್ತಿನ ಕಲೆಯನ್ನು ನೋಡಿ, "ಇದೊಂದು ಬೇಕಿತ್ತಾ?" ಎಂದರಂತೆ.