ವಾತ್ಸಲ್ಯವಿಲ್ಲದ ಪ್ರಭಾವನೆ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂದು ಆಚಾರ್ಯರು ನಿರೂಪಿಸಿದ್ದಾರೆ. ನಿಃಶಂಕಿತದಿಂದ ಮೊದಲಾಗುವ ಆ ಸಾಲಿನಲ್ಲಿ ಏಳನೆಯದು ವಾತ್ಸಲ್ಯ, ಎಂಟನೆಯದು ಪ್ರಭಾವನೆ. ಮೊದಲು ವಾತ್ಸಲ್ಯ, ಅನಂತರ ಪ್ರಭಾವನೆ ಎಂಬ ಈ ಕ್ರಮಕ್ಕೆ ಅರ್ಥವಿದೆ. ಆದರೆ ಇಂದು ಊರೂರುಗಳಲ್ಲಿ ಕಣ್ಣಿಗೆ ಬೀಳುವುದು ಪ್ರಭಾವನೆಯ ವೈಭವ. ಪಂಚಕಲ್ಯಾಣ ಪ್ರತಿಷ್ಠೆ, ರಥೋತ್ಸವ, ಕಲಶಗಳ ಸವಾಲು, ಬಸದಿಗೆ ಅಮೃತಶಿಲೆಯ ನೆಲಹಾಸು ಇವುಗಳಿಗೆ ಹಣ ಹೊಳೆಯಂತೆ ಹರಿಯುತ್ತದೆ. ಇವು ಯಾವುವೂ ತಪ್ಪಲ್ಲ. ಆದರೆ ಅದೇ ಬಸದಿಯ ಹಿಂದಿನ ಬೀದಿಯಲ್ಲಿ ದಿನವೂ ಹೊಡೆತ ತಿನ್ನುವ ಮಗು, ಶಾಲೆ ಬಿಡಿಸಿ ದುಡಿಮೆಗೆ ದೂಡಿದ ಮಗು, ನಂಬಿದವರಿಂದಲೇ ಕೆಡುಕಿಗೆ ಗುರಿಯಾದ ಮಗು ಯಾರ ಬಾಗಿಲನ್ನು ತಟ್ಟಬೇಕು ಎಂಬ ಪ್ರಶ್ನೆ ಟ್ರಸ್ಟುಗಳ ವಾರ್ಷಿಕ ಸಭೆಗಳಲ್ಲಿ ಏಳುವುದು ವಿರಳ. ವಾತ್ಸಲ್ಯವನ್ನು ದಾಟಿ ಪ್ರಭಾವನೆಗೆ ಹಾರಿದ ಸಮಾಜ ತನ್ನ ಶ್ರದ್ಧೆಯ ಒಂದು ಅಂಗವನ್ನೇ ಊನಮಾಡಿಕೊಳ್ಳುತ್ತದೆ.

ಶ್ರಾವಕನಿಗೆ ಚಿರಪರಿಚಿತವಾದ ಈ ಪದವನ್ನು ಸರ್ಕಾರವೂ ಎತ್ತಿಕೊಂಡಿದೆ. 2009ರಲ್ಲಿ ಆರಂಭವಾದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಗೆ ಮುಂದೆ 'ಮಿಷನ್ ವಾತ್ಸಲ್ಯ' ಎಂಬ ಹೆಸರಾಯಿತು. 2022ರಲ್ಲಿ ಹೊರಟ ಅದರ ಮಾರ್ಗಸೂಚಿ ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಗೊತ್ತುಮಾಡಿದ ಬಲವೆಷ್ಟು? ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು, ಒಬ್ಬ ಆಪ್ತಸಮಾಲೋಚಕ. ಸಮಾಜ ಕಾರ್ಯಕರ್ತನಿಗೆ ತಿಂಗಳಿಗೆ 18,536 ರೂಪಾಯಿ, ಕ್ಷೇತ್ರ ಕಾರ್ಯಕರ್ತನಿಗೆ 10,592 ರೂಪಾಯಿ, ನೇಮಕವೋ ಗುತ್ತಿಗೆಯದು. ಕರ್ನಾಟಕದ ಜೈನರು ಅತ್ಯಧಿಕ ಸಂಖ್ಯೆಯಲ್ಲಿ ನೆಲೆಸಿರುವ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 47.8 ಲಕ್ಷ. ಅದರಲ್ಲಿ ಮೂರನೆಯ ಒಂದು ಪಾಲು ಮಕ್ಕಳೆಂದು ಎಣಿಸಿದರೂ ಆ ಲೆಕ್ಕದಲ್ಲಿ ಒಬ್ಬ ಸಮಾಜ ಕಾರ್ಯಕರ್ತನ ಪಾಲಿಗೆ ಹತ್ತಿರಹತ್ತಿರ ಎಂಟು ಲಕ್ಷ ಮಕ್ಕಳು ಬರುತ್ತಾರೆ. ಹೆಸರು ವಾತ್ಸಲ್ಯವೇ ಸರಿ. ಅದನ್ನು ಹೊತ್ತು ಮನೆಮನೆಗೆ ನಡೆಯುವ ಕಾಲುಗಳೇ ಇಲ್ಲ.

ಈ ಕಾಲುಗಳ ಕೆಲಸವೇನೆಂಬುದನ್ನು ತಿಳಿದರೆ ಕೊರತೆಯ ಭೀಕರತೆ ಅರಿವಾದೀತು. ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಆಪತ್ತಿನಲ್ಲಿ ಸಿಕ್ಕಿದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಆ ಸಮಿತಿ ಮಗುವಿನ ಮನೆ, ನೆರೆ, ಶಾಲೆಗಳ ಸ್ಥಿತಿಯನ್ನು ಕುರಿತು ತನಿಖೆಗೆ ಆದೇಶಿಸುತ್ತದೆ. ಆ ವರದಿ 15 ದಿನಗಳಲ್ಲಿ ಸಿದ್ಧವಾಗಬೇಕು. ಮನೆಗೆ ಹೋಗಿ ಒಲೆಯ ಮುಂದೆ ಕುಳಿತು ಮಾತನಾಡಿಸಿ, ಮಗುವಿನ ಮೌನವನ್ನು ಓದಿ, ಈ ಮಗು ತಾಯಿಯ ಬಳಿಗೆ ಮರಳಬಹುದೇ ಅಥವಾ ಮರಳಿದರೆ ಕೆಡುಕು ಮರುಕಳಿಸೀತೇ ಎಂದು ತೂಗಿ ಬರೆಯುವವನು ಸಮಾಜ ಕಾರ್ಯಕರ್ತ. ಅವನ ಒಂದು ಪುಟದ ಮೇಲೆ ಒಂದು ಜೀವದ ಮುಂದಿನ ದಾರಿ ನಿಂತಿದೆ. ಅವನಿಗೆ ಸಮಯವಿಲ್ಲದಿದ್ದರೆ, ಅಥವಾ ಆ ಕೆಲಸದ ಶಿಕ್ಷಣವೇ ಇಲ್ಲದಿದ್ದರೆ, ಆ ಪುಟ ಬರಿಯ ನಮೂನೆ ತುಂಬುವ ಕಾಗದವಾಗುತ್ತದೆ.

ಜೈನ ಗೃಹಸ್ಥನಿಗೆ ವಿಹಿತವಾದ ಚತುರ್ವಿಧ ದಾನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಕರ್ನಾಟಕದ ಶಾಸನಗಳು ಜಿನಭಕ್ತ ದಾನಿಗಳನ್ನು ಈ ನಾಲ್ಕರ ಹೆಸರು ಹೇಳಿಯೇ ಕೊಂಡಾಡಿವೆ. ಅನ್ನಛತ್ರಗಳಿಂದ ಆಹಾರದಾನ, ಆಸ್ಪತ್ರೆಗಳಿಂದ ಭೈಷಜ್ಯದಾನ, ವಿದ್ಯಾಲಯಗಳಿಂದಲೂ ಗ್ರಂಥಪ್ರಕಾಶನದಿಂದಲೂ ಶಾಸ್ತ್ರದಾನ ನಡೆದುಬಂದಿವೆ. ಅಭಯದಾನವಾದರೋ ಬಹುಮಟ್ಟಿಗೆ ಗೋಶಾಲೆ, ಪಿಂಜ್ರಾಪೋಲುಗಳಿಗೆ ಸೀಮಿತವಾಗಿದೆ. ಮೂಕಪ್ರಾಣಿಗೆ ನೀಡುವ ಅಭಯ ದೊಡ್ಡದೇ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆ ಜೈನಧರ್ಮದ ಕರುಣೆಗೆ ಲೋಕವೇ ಮೆಚ್ಚುವ ಸಾಕ್ಷಿ. ಆದರೆ ಒಂದು ಮಾತನ್ನು ಯೋಚಿಸಬೇಕು. ಪಾರಿವಾಳದ ರೆಕ್ಕೆ ಮುರಿದರೆ ಅಲ್ಲಿ ಕಲಿತ ಪಶುವೈದ್ಯನೇ ನೋಡಬೇಕು. ಬರಿಯ ದಯೆಯಿಂದ ಮೂಳೆ ಕೂಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಮಗುವಿನ ಮನಸ್ಸು ಮುರಿದಾಗ ಮಾತ್ರ ಊರ ಹಿರಿಯರು ನಾಲ್ಕು ಒಳ್ಳೆಯ ಮಾತು ಹೇಳಿದರೆ ಸಾಕೆಂಬ ಭಾವನೆ ಏಕೆ?

ಈ ಪ್ರಶ್ನೆ ಕೇಳಿದೊಡನೆ ಬರುವ ಮೊದಲ ಉತ್ತರ, "ನಮ್ಮ ಸಮಾಜದಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ" ಎಂಬುದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಅವರಲ್ಲಿ ಶೇಕಡಾ 53ರಷ್ಟು ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದನ್ನು ಹೇಳಿಕೊಂಡರು. ಕೆಡುಕು ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಪರಿಚಯ, ನಂಬಿಕೆ, ಬಂಧುತ್ವಗಳು ಹೆಚ್ಚು ಗಾಢವಾಗಿರುವ ಸಣ್ಣ ಸಮಾಜಕ್ಕೆ ಈ ಅಂಕಿಯಿಂದ ವಿನಾಯಿತಿ ಕೊಡುವ ಶಾಸ್ತ್ರ ಯಾವುದೂ ಇಲ್ಲ.

ಎರಡನೆಯ ಉತ್ತರ ಇನ್ನೂ ಅಪಾಯಕಾರಿ. "ಹೌದು, ನಡೆದಿರಬಹುದು, ಆದರೆ ಹೊರಗೆ ಬಂದರೆ ಮನೆತನದ ಮಾನ, ಧರ್ಮದ ಹೆಸರು ಹೋಗುತ್ತದೆ" ಎಂಬ ಮಾತಿಗೆ ಕೆಲವರು ಉಪಗೂಹನದ ಆಧಾರವನ್ನೂ ಕೊಡುತ್ತಾರೆ. ಅಜ್ಞಾನಿಗಳಿಂದ, ಅಶಕ್ತರಿಂದ ಪರಿಶುದ್ಧ ಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದು ಉಪಗೂಹನ. ಬಲವುಳ್ಳವನು ಬಲವಿಲ್ಲದ ಮಗುವಿಗೆ ಮಾಡಿದ ಹಿಂಸೆಯನ್ನು ಮುಚ್ಚಿಡುವುದಕ್ಕೆ ಆ ಹೆಸರನ್ನಿಟ್ಟರೆ ಅದು ಧರ್ಮಕ್ಕೇ ಮಾಡುವ ಅಪಚಾರ. ಉಪಗೂಹನದ ಬೆನ್ನಿಗೇ ಬರುವ ಅಂಗ ಸ್ಥಿತಿಕರಣ, ಎಂದರೆ ಕುಸಿಯುತ್ತಿರುವವನನ್ನು ಎತ್ತಿ ನಿಲ್ಲಿಸುವುದು. ಮುಚ್ಚಿದ ಮನೆಯಲ್ಲಿ ಕುಸಿಯುವುದು ಮಗು. ಅದನ್ನು ಎತ್ತಿ ನಿಲ್ಲಿಸದೆ ದೋಷಿಯನ್ನು ಮರೆಮಾಡಿದವರು ಯಾವ ಅಂಗವನ್ನು ಪಾಲಿಸಿದಂತಾಯಿತು?

ಹಿಂಸೆ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಮೌನ ಅನುಮೋದನೆಯೇ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದವರೆಲ್ಲರೂ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ; ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಆದುದರಿಂದ ಬಸದಿಯ ಪಡಸಾಲೆಯಲ್ಲಿ ಹಿರಿಯರು ಕುಳಿತು ಎರಡೂ ಮನೆಯವರಿಂದ ಕೈಮುಗಿಸಿ ಕಳುಹಿಸುವ ರಾಜಿಗೆ ಧರ್ಮದ ಮನ್ನಣೆಯೂ ಇಲ್ಲ, ಕಾನೂನಿನ ಮನ್ನಣೆಯೂ ಇಲ್ಲ.

"ಇದು ಸರ್ಕಾರದ ಹೊಣೆ" ಎಂಬುದು ಮೂರನೆಯ ಉತ್ತರ. ಹೊಣೆ ಸರ್ಕಾರದ್ದೇ, ಸಂದೇಹವಿಲ್ಲ. ಆದರೆ ಹೊಣೆ ಹೊರಿಸಿ ಕುಳಿತರೆ ಏನಾಗುತ್ತದೆಂಬುದಕ್ಕೆ ನಿದರ್ಶನವಿದೆ. ಬಾಲನ್ಯಾಯ ಕಾಯ್ದೆ ಜಾರಿಯಾಗುತ್ತಿಲ್ಲವೆಂದು ಸಂಪೂರ್ಣಾ ಬೆಹುರಾ ಅವರು 2005ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಖಾಲಿ ಹುದ್ದೆಗಳನ್ನು ತುಂಬಿರಿ, ಸಿಬ್ಬಂದಿಗೆ ತರಬೇತಿ ಕೊಡಿರಿ ಎಂಬ ತೀರ್ಪು ಬಂದುದು 2018ರ ಫೆಬ್ರವರಿಯಲ್ಲಿ. ಅರ್ಜಿ ಹಾಕಿದಾಗ ಐದು ವರ್ಷದ ಮಗುವಾಗಿದ್ದವರು ಆ ವೇಳೆಗೆ ಹದಿನೆಂಟು ತುಂಬಿ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳೇ ಆಗಿರಲಿಲ್ಲ. ಇತ್ತ 1098 ಎಂಬ ಮಕ್ಕಳ ಸಹಾಯವಾಣಿ ಹುಟ್ಟಿದ್ದು 1996ರಲ್ಲಿ, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಕ್ಷೇತ್ರಕಾರ್ಯವಾಗಿ. ಸಮಾಜಕಾರ್ಯವನ್ನು ಕಲಿಸುವ ಸಂಸ್ಥೆಯೊಂದು ನೆಟ್ಟ ಸಸಿ ದೇಶವ್ಯಾಪಿಯಾಗಿ ಬೆಳೆದು, 2023ರಲ್ಲಿ ಸರ್ಕಾರವೇ ಅದರ ನಿರ್ವಹಣೆಯನ್ನು ಕೈಗೆತ್ತಿಕೊಂಡಿತು. ಸಮಾಜ ಮೊದಲು ನಡೆದರೆ ಸರ್ಕಾರ ಹಿಂದೆ ಬರುತ್ತದೆ.

ಕೊನೆಯ ಆಕ್ಷೇಪ ಸಾತ್ವಿಕರದು: "ಸೇವೆಗೆ ಸಂಬಳವೇಕೆ, ತರಬೇತಿಯೇಕೆ? ಒಳ್ಳೆಯ ಹೃದಯವಿದ್ದರೆ ಸಾಲದೇ?" ಸಾಲದು. ಮೋಕ್ಷಮಾರ್ಗಕ್ಕೆ ದರ್ಶನವೊಂದೇ ಸಾಲದೆ ಜ್ಞಾನವೂ ಚಾರಿತ್ರವೂ ಬೇಕಾದಂತೆ, ಕರುಣೆಗೂ ಜ್ಞಾನ ಬೇಕು. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಬೋಧಿಸಿದ ಧರ್ಮ ಪ್ರಮಾದವನ್ನೇ ಹಿಂಸೆಯ ಬೇರೆಂದಿತು. ತರಬೇತಿಯಿಲ್ಲದ ದಯಾಳು ಹಿರಿಯನು ಹತ್ತು ಜನರ ಮುಂದೆ ಮಗುವನ್ನು ನಿಲ್ಲಿಸಿ ನಡೆದುದನ್ನು ಮತ್ತೆಮತ್ತೆ ಹೇಳಿಸುತ್ತಾನೆ; ತನಗೆ ತೋಚಿದ ಉತ್ತರವನ್ನು ಮಗುವಿನ ಬಾಯಿಗೆ ತುರುಕುತ್ತಾನೆ; ಆರೋಪಿಯನ್ನು ಕರೆಸಿ ಎದುರಿಗೆ ಕೂರಿಸುತ್ತಾನೆ. ಮಗು ಎರಡನೆಯ ಸಲ ಗಾಯಗೊಳ್ಳುತ್ತದೆ. ನ್ಯಾಯಾಲಯದಲ್ಲಿ ಸಾಕ್ಷ್ಯವೂ ಸಡಿಲಗೊಳ್ಳುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕೆಂದು ಪೋಕ್ಸೊ ಕಾಯ್ದೆ ವಿಧಿಸಿರುವುದು ಈ ಸೂಕ್ಷ್ಮವನ್ನು ಅರಿತೇ. ಮನಸ್ಸು ಒಳ್ಳೆಯದಿದ್ದೂ ಎಚ್ಚರವಿಲ್ಲದೆ ಮಾಡಿದ ಈ ಹಾನಿಗೆ ಪ್ರಮಾದವಲ್ಲದೆ ಬೇರೆ ಹೆಸರಿಲ್ಲ.

ಕಟ್ಟಡಕ್ಕಿಂತ ಮನುಷ್ಯನನ್ನು ತಯಾರುಮಾಡುವುದು ದೊಡ್ಡದೆಂಬ ವಿವೇಕ ಈ ಸಮಾಜಕ್ಕೆ ಹೊಸದಲ್ಲ. ಕೊಲ್ಹಾಪುರ ಸೀಮೆಯ ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಬಡಮಕ್ಕಳೂ ಒಂದೇ ಸೂರಿನಡಿ ಬೆಳೆಯುವ ವಸತಿಗೃಹ ತೆರೆದರು. ಅಷ್ಟಕ್ಕೇ ನಿಲ್ಲದೆ ಶಿಕ್ಷಕರನ್ನು ತಯಾರಿಸುವ ವಿದ್ಯಾಲಯವನ್ನೂ ಕಟ್ಟಿದರು. ಮಕ್ಕಳನ್ನು ಕೂಡಿಹಾಕಿದರೆ ಸಾಲದು, ಅವರನ್ನು ನೋಡಿಕೊಳ್ಳುವವರು ಕಲಿತಿರಬೇಕೆಂಬುದು ಅವರ ನಿಲುವು. ವಾತ್ಸಲ್ಯ ಸಧರ್ಮಿಗಳಿಗೆ ಸಂಬಂಧಿಸಿದ ಗುಣವೆಂದು ವಾದಿಸುವವರಿಗೂ ಅವರ ಬಾಳೇ ಉತ್ತರ. ಸಧರ್ಮಿಯ ಮೇಲೆ ವಾತ್ಸಲ್ಯ, ಸರ್ವಜೀವಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕಾರುಣ್ಯ ಇವು ಒಂದನ್ನೊಂದು ಹೊರಗಿಡುವ ಬೇಲಿಗಳಲ್ಲ.

ಹಾಗಾದರೆ ಟ್ರಸ್ಟುಗಳು ಮಾಡಬೇಕಾದುದೇನು? ಹೊಸ ಅನಾಥಾಲಯ ಕಟ್ಟುವುದು ಮೊದಲ ಕೆಲಸವಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆಂಬುದು 2015ರ ಕಾಯ್ದೆಯ ಮೂಲತತ್ತ್ವಗಳಲ್ಲೊಂದು. ಬಡತನಕ್ಕಾಗಿ ಮಗುವನ್ನು ತಾಯಿಯಿಂದ ಅಗಲಿಸದಂತೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೀಡಲು ಮಿಷನ್ ವಾತ್ಸಲ್ಯದಲ್ಲಿ ಅವಕಾಶವಿದೆ. ಅರ್ಹ ವಿಧವೆಯ ಮನೆಗೆ ಹೋಗಿ ಅರ್ಜಿ ಬರೆಸುವವರು ಬೇಕು. ಆಶ್ರಯ ಬೇಕಾದ ಮಕ್ಕಳನ್ನು ಈಗಾಗಲೇ ಇಟ್ಟುಕೊಂಡಿರುವ ಸಂಸ್ಥೆಗಳು 41ನೆಯ ಕಲಮಿನಂತೆ ನೋಂದಣಿಯಾಗಬೇಕು. ಧರ್ಮಸಂಸ್ಥೆಯೆಂಬ ಕಾರಣಕ್ಕೆ ರಿಯಾಯಿತಿಯಿಲ್ಲ. ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರೂ ಅಡುಗೆಯವರೂ ಕಾವಲುಗಾರರೂ ತರಬೇತಿ ಪಡೆಯಬೇಕು. 1098 ಎಂಬ ಅಂಕಿ ಮಕ್ಕಳ ಕಣ್ಣೆತ್ತರದ ಗೋಡೆಯ ಮೇಲೆ ಇರಬೇಕು. ಇಂಥ ತರಬೇತಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2020ರಲ್ಲಿ 'ಸಂವಾದ್' ಎಂಬ ವಿಭಾಗ ಆರಂಭವಾಯಿತು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯವನ್ನು ಕಲಿಸುತ್ತಿದೆ. ಬೇಕಾದ ವಿದ್ಯೆ ದೂರದಲ್ಲಿಲ್ಲ.

ಮುಖ್ಯವಾದ ಕೆಲಸ ಇನ್ನೊಂದಿದೆ. 18,536 ರೂಪಾಯಿಯಂತೆ ಒಬ್ಬ ಸಮಾಜ ಕಾರ್ಯಕರ್ತನ ಇಡೀ ವರ್ಷದ ಸಂಬಳ 2,22,432 ರೂಪಾಯಿ. ಉತ್ಸವಗಳಲ್ಲಿ ಒಂದೇ ಕಲಶದ ಸವಾಲು ಈ ಮೊತ್ತವನ್ನು ದಾಟುವುದುಂಟು. ಒಂದು ಕಲಶದ ಹಣದಿಂದ, ಸಾಧ್ಯವಾದರೆ ಇದಕ್ಕಿಂತ ಗೌರವದ ಸಂಬಳ ಕೊಟ್ಟು, ಪ್ರತಿ ತಾಲ್ಲೂಕಿಗೂ ಕಲಿತ ಒಬ್ಬ ಕಾರ್ಯಕರ್ತೆಯನ್ನು ಜಿಲ್ಲಾ ಘಟಕದ ಸಹಕಾರದೊಡನೆ ನಿಲ್ಲಿಸಬಹುದು. ಸಮಾಜಕಾರ್ಯ ಓದುವ ಬಡ ವಿದ್ಯಾರ್ಥಿನಿಗೆ ತನ್ನ ಜಿಲ್ಲೆಯಲ್ಲಿ ಮೂರು ವರ್ಷ ದುಡಿಯುವ ಒಪ್ಪಂದದ ಮೇಲೆ ವಿದ್ಯಾರ್ಥಿವೇತನ ನೀಡಬಹುದು. ಆಕೆ ಯಾವ ಜಾತಿಯ ಮಗುವಿನ ಮನೆಗೆ ಹೋದಳೆಂದು ಟ್ರಸ್ಟು ಕೇಳಕೂಡದು. ಟ್ರಸ್ಟಿಯ ಬಂಧುವಿನ ಮನೆಗೆ ಹೋದಾಗ ತಡೆಯಲೂ ಕೂಡದು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಶ್ರಾವಕರು ಸಕಲ ಜೀವರಾಶಿಯ ಕ್ಷಮೆ ಬೇಡುತ್ತಾರೆ. ಯಾರಿಗೂ ಹೇಳಿಕೊಳ್ಳಲಾರದೆ ಕಂಬದ ಮರೆಯಲ್ಲಿ ನಿಂತ ಮಗುವೂ ಆ ಜೀವರಾಶಿಗೆ ಸೇರಿದುದೇ. ಕೈಮುಗಿದು ಬೇಡುವ ಕ್ಷಮೆಯನ್ನು ನೀಡಬೇಕೇ ಬೇಡವೇ ಎಂದು ಆ ಮಗು ತೀರ್ಮಾನಿಸುವುದಾದರೆ, ಟ್ರಸ್ಟಿನ ಲೆಕ್ಕದ ಪುಸ್ತಕದಲ್ಲಿ ತನ್ನ ರಕ್ಷಣೆಗೆ ಒಂದು ಸಾಲಾದರೂ ಇದೆಯೇ ಎಂದು ಮೊದಲು ಕೇಳೀತು. ಮುಂದಿನ ಪರ್ವದೊಳಗೆ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ಆ ಸಾಲನ್ನು ಬರೆಯಲಿ. ವಾತ್ಸಲ್ಯ ನೆಲೆಗೊಂಡ ಊರಿನಲ್ಲಿ ಪ್ರಭಾವನೆ ತಾನಾಗಿಯೇ ಬೆಳಗುತ್ತದೆ.